ಕೇಳಿ ಕಲಿತ ಪಾಠ

ಆನೆಗೊಂದಿಯ ಗಾಳೆಮ್ಮನಿಗೆ ಅಕ್ಷರ ಬಾರದು. ಆದರೆ ಮಗಳ ಪಾಠ ಕೇಳದೆ ಅವಳಿಗೆ ದಿನ ಮುಗಿಯದು. ಸಂಜೆ ಕಟ್ಟೆಯ ಮೇಲೆ ಕೂತು ಅವಳು ಬಾಳೆನಾರು ಹೊಸೆಯುತ್ತಿದ್ದರೆ, ಏಳನೇ ತರಗತಿಯ ಅಮೃತಾ ಪಕ್ಕದಲ್ಲಿ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಅರಳು ಹುರಿದಂತೆ ಓದುತ್ತಿದ್ದಳು. ತಾಯಿಯ ಹಿಗ್ಗು ಓಣಿಗೆಲ್ಲ ಗೊತ್ತಿತ್ತು.

ಅಂಥ ಹುಡುಗಿಗೆ ಒಂದು ಸಾಲೂ ಓದಲು ಬರುವುದಿಲ್ಲ ಎಂದು ಶಾಲೆಯ ಮಾಸ್ತರರು ಹೇಳಿಕಳಿಸಿದರೆ ಯಾವ ತಾಯಿ ನಂಬಿಯಾಳು? ಆಶಾ ಕಾರ್ಯಕರ್ತೆ ರೇಣುಕಮ್ಮ ಮನೆಗೆ ಬಂದಾಗ ಗಾಳೆಮ್ಮ ಸಿಡಿದೇಬಿಟ್ಟಳು.

"ನೀನ ಕೇಳ ಬಾ ತಂಗಿ. ಮಾಸ್ತರಗ ಕಿವಿ ಕೇಳೂದಿಲ್ಲೇನು?"

ಅಮೃತಾ ಓದಿದಳು. ರೇಣುಕಮ್ಮ ಪುಸ್ತಕದೊಳಗೆ ಇಣುಕಿದಳು. ಬಾಯಲ್ಲಿದ್ದದ್ದು ಹೊಳೆಯ ಪಾಠ, ಬೆರಳಿದ್ದದ್ದು ಜೇನುಹುಳದ ಪಾಠದ ಮೇಲೆ! ಎರಡು ಹಾಳೆ ಒಟ್ಟಿಗೆ ತಿರುವಿದ್ದು ಆ ಕೂಸಿಗೆ ತಿಳಿದೇ ಇರಲಿಲ್ಲ.

"ಅಮೃತಾ, ಬ್ಯಾರೆ ಹಾಳಿ ಐತಲ್ಲವ್ವಾ ಇದು."

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಷರಗಳು ಅವಳ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಗೆಳತಿಯರು ಓದುವುದನ್ನು ಕೇಳಿ, ಇಡೀ ಪಾಠವನ್ನೇ ತಲೆಯಲ್ಲಿಟ್ಟುಕೊಂಡು ಬರುತ್ತಿದ್ದಳು.

ಅಪ್ಪ ವಿರುಪಣ್ಣ ಒಳಗಿನಿಂದ ಬಂದ. "ಏಳು ವರ್ಷ ಸಾಲಿಗೆ ಹೋಗಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು. ದಡ್ಡಿ ಅದಾಳ. ಮುಂದಿನ ವರ್ಷ ಸಾಲಿ ಬ್ಯಾಡ, ಬುಟ್ಟಿ ಹೆಣೀಲಿ."

"ಪಾಠಕ್ಕ ಪಾಠಾನ ಬಾಯಿಪಾಠ ಮಾಡಾಕಿ ದಡ್ಡಿ ಹೆಂಗ ಆಗ್ತಾಳಣ್ಣ? ನಿನಗ ಬರ್ತೈತೇನು?" ರೇಣುಕಮ್ಮ ಛೇಡಿಸಿದಳು. "ಕೊಪ್ಪಳದ ದೊಡ್ಡ ದವಾಖಾನ್ಯಾಗ ಮಕ್ಕಳ ಬುದ್ಧಿ, ಮನಸು, ಕಲಿಕಿ ನೋಡಿ ಹೇಳೋ ಮನಶ್ಶಾಸ್ತ್ರಜ್ಞರು ಅದಾರ. ಒಮ್ಮಿ ತೋರಸ್ರಿ."

"ಹುಚ್ಚರ ಡಾಕ್ಟರ ಹಂತೇಕನಾ? ಮಂದಿ ಏನಂದಾರು?"

"ನೀ ಚಸ್ಮಾ ಹಾಕ್ಕೊಂಡಾಗ ಮಂದಿ ಕುರುಡ ಅಂದ್ರೇನು?"

ವಿರುಪಣ್ಣ ಚಸ್ಮಾ ತೆಗೆದು ಒರೆಸಿಕೊಂಡ. ಮರುವಾರ ಅಪ್ಪ, ಅವ್ವ, ಮಗಳು ಮೂವರೂ ಗಂಗಾವತಿಗೆ ಹೋಗಿ ಕೊಪ್ಪಳದ ಬಸ್ಸು ಹತ್ತಿದರು.

ಅಲ್ಲಿ ಸೂಜಿಯಿಲ್ಲ, ಗದರಿಕೆಯಿಲ್ಲ. ಮನಶ್ಶಾಸ್ತ್ರಜ್ಞೆ ದುರ್ಗಾದೇವಿಯವರು ಅಮೃತಾಳ ಎದುರು ಕೂತು ಬಣ್ಣದ ಕಟ್ಟಿಗೆ ತುಂಡು ಜೋಡಿಸಲು ಹೇಳಿದರು. ಅಂಕಿಗಳನ್ನು ಹೇಳಿ, ಅವನ್ನೇ ಹಿಂದುಮುಂದಾಗಿ ಅವಳಿಂದ ಹೇಳಿಸಿದರು, ಓದಿಸಿದರು, ಬರೆಸಿದರು. ಹುಡುಗಿ ದಣಿದರೆ ನಿಲ್ಲಿಸಿ ಮತ್ತೊಂದು ದಿನ ಕರೆದರು. ಮಗಳು ಯಾವಾಗ ಮಾತು ಕಲಿತಳು, ಊಟ ನಿದ್ದೆ ಹೇಗಿದೆ ಎಂದು ಗಾಳೆಮ್ಮನನ್ನೂ ಕೇಳಿದರು. ಆ ತಾಳ್ಮೆಗೆ ಗಾಳೆಮ್ಮ ಮನಸ್ಸಿನಲ್ಲೇ ಕೈ ಮುಗಿದಳು.

ಕೊನೆಗೆ ದುರ್ಗಾದೇವಿಯವರು ಹೇಳಿದರು: "ನಿಮ್ಮ ಮಗಳ ಬುದ್ಧಿ ಭಾಳ ಚುರುಕೈತ್ರಿ. ಓದೂದು, ಬರಿಯೂದರಾಗ ಅಷ್ಟ ತೊಡಕು. ಡಿಸ್ಲೆಕ್ಸಿಯಾ ಅಂತಾರಿದಕ್ಕ. ಸೋಮಾರಿತನ ಅಲ್ಲ, ನಿಮ್ಮ ತಪ್ಪೂ ಅಲ್ಲ. ಗುಳಿಗಿ ಬ್ಯಾಡ, ಕಲಿಸೋ ರೀತಿ ಬದಲಾಗಬೇಕು. ಸಾಲಿಗೆ ನಾನು ಬರದು ಕೊಡ್ತೀನಿ. ಪರೀಕ್ಷ್ಯಾಗ ಹೆಚ್ಚಿನ ವೇಳೆ ಕೇಳಾಕೂ ಬರ್ತೈತಿ."

ಹೊರಗೆ ಬಂದ ಮೇಲೆ ಗಾಳೆಮ್ಮ ಮಗಳ ಗಲ್ಲ ಹಿಡಿದಳು. "ಇಷ್ಟ್ ವರ್ಷ ನನ್ನ ಮುಂದ ಯಾಕ ಹೇಳಲಿಲ್ಲವ್ವಾ?"

"ನಾ ಓದಿದ್ರ ನೀ ಭಾಳ ಖುಷಿಪಡ್ತಿದ್ದಿ, ಅವ್ವಾ."

ಗಾಳೆಮ್ಮ ಮಗಳನ್ನು ಎದೆಗೆ ಅವಚಿಕೊಂಡಳು. ವಿರುಪಣ್ಣ ಕಣ್ಣೊರೆಸಿಕೊಂಡು, "ಸಾಲಿ ಬಿಡಸಂಗಿಲ್ಲ ತಗೋ. ನಿಧಾನಕ್ಕ ಕಲಿ ಮಗಳ, ನಾವದೀವಿ," ಎಂದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮಗು ಓದಿನಲ್ಲಿ ಹಿಂದೆ ಬಿದ್ದಿದೆಯೇ? ಶಾಲೆಯ ಹೊತ್ತಿಗೆ ಹೊಟ್ಟೆನೋವು ಎನ್ನುತ್ತದೆಯೇ? ಹರೆಯದ ಮಗ ಅಥವಾ ಮಗಳು ಇದ್ದಕ್ಕಿದ್ದಂತೆ ಮಂಕಾಗಿದ್ದಾರೆಯೇ? ದಡ್ಡ, ಸೋಮಾರಿ ಎಂದು ಹಣೆಪಟ್ಟಿ ಕಟ್ಟಬೇಡಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲು ಮಾತಾಡಿ ನೋಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ನಮ್ಮನ್ನು ನೋಯಿಸಬಾರದೆಂದು ಮಕ್ಕಳು ಎಷ್ಟೋ ನೋವನ್ನು ತಾವೇ ನುಂಗಿಕೊಳ್ಳುತ್ತಾರೆ. ಕೇಳಬೇಕಾದವರು ನಾವು.