ಬಂಡೆ ಮೇಲೆ ಒಣಗಿದ ಭತ್ತ

ಅಕ್ಕಂದಿರೇ, ಮಿಲ್ಲಿನಿಂದ ಬಂದ ಅಕ್ಕಿಯಲ್ಲಿ ನುಚ್ಚೇ ಜಾಸ್ತಿ ಇದ್ದರೆ ನೀವು ಯಾರನ್ನು ಬೈಯುತ್ತೀರಿ? ಬಿಳಿಕೆರೆಯ ಶಿವರುದ್ರಮ್ಮ ಸೊಸೆಯ ತವರನ್ನೇ ಬೈದರು.

ಸೊಸೆ ಸರ್ವಮಂಗಳ ಕೃಷ್ಣರಾಜನಗರದ ಕಡೆಯವಳು. ಅವಳ ಅಪ್ಪ ಹೊಸ ತಳಿಯ ಬಿತ್ತನೆ ಭತ್ತ ಕೊಟ್ಟಿದ್ದರು. ಬೆಳೆ ಚೆನ್ನಾಗಿಯೇ ಬಂತು. ಸಂಕ್ರಾಂತಿಗೆ ಬರುವ ಬೀಗರಿಗೆ ಅದೇ ಅಕ್ಕಿಯ ಅನ್ನ ಬಡಿಸಬೇಕೆಂದು ಶಿವರುದ್ರಮ್ಮನಿಗೆ ಆಸೆ. ಕಣದಿಂದ ಒಂದು ಮಂಕರಿ ಹಸಿ ಭತ್ತ ತಂದು, ಕಾದ ಬಂಡೆಯ ಮೇಲೆ ಹರಡಿ, ಒಂದೇ ಮಧ್ಯಾಹ್ನದಲ್ಲಿ ಒಣಗಿಸಿ ಮಿಲ್ಲಿಗೆ ಕಳಿಸಿದರು. ಬಂದದ್ದು ಮುಕ್ಕಾಲು ಪಾಲು ನುಚ್ಚು.

"ನೋಡವ್ವ, ನಿಮ್ಮಪ್ಪನ ಭತ್ತ! ಮುಂದಿನ ಸಲ ನಮ್ಮ ಹಳೇದೇ ಬಿತ್ತೋದು. ಈ ನುಚ್ಚ ದನಕ್ಕೆ ಇಕ್ಬುಡು."

ಸರ್ವಮಂಗಳ ನುಚ್ಚನ್ನು ಮೊರಕ್ಕೆ ಸುರಿದುಕೊಂಡಳು. ಮೊರ ಹಿಡಿದು ಕೂತವಳ ಕಣ್ಣು ತುಂಬಿತ್ತು. ಅಪ್ಪ ಅಷ್ಟು ಆಸೆಯಿಂದ ಕೊಟ್ಟದ್ದು, ಪಾಪ.

ಆಗ ಗ್ರಾಮಸೇವಕ ಲಿಂಗಯ್ಯ ಬಂದರು. ಬಂಡೆಯ ಮೇಲೆ ಉಳಿದಿದ್ದ ನಾಲ್ಕಾರು ಭತ್ತದ ಕಾಳು ಸುಲಿದು ಬೆಳಕಿಗೆ ಹಿಡಿದರು.

"ಕಾಳೆಲ್ಲ ಸೀಳು ಬಿಟ್ಟದೆ ಕಣ್ರಮ್ಮ. ನಿಮ್ಮ ಹಳೇ ಭತ್ತಾನೂ ಬಂಡೆ ಮೇಲೇ ಒಣಗಿಸ್ತೀರಾ?"

"ಅಯ್ಯೋ, ಇಲ್ಲ ಕಣಪ್ಪ! ಅದ ಜಗಲಿ ನೆರಳಲ್ಲಿ ನಿಧಾನಕ್ಕೆ ಒಣಗಿಸ್ತೀವಿ. ಇದು ಬೇಗ ಆಗ್ಲಿ ಅಂತ..."

"ಕಾದ ಬಂಡೆ ಮೇಲೆ ಬೇಗ ಒಣಗಿದ್ರೆ ಕಾಳು ಸೀಳಿ, ಮಿಲ್ಲಲ್ಲಿ ನುಚ್ಚಾಗ್ತದೆ. ಅಂಗಾದ್ರೆ ಇದ್ಯಾವ ನ್ಯಾಯ? ಎರಡ್ನೂ ಒಂದೇ ಸಮ ನೋಡ್ಬೇಕು."

ಕಣದಲ್ಲಿ ಎರಡೂ ಭತ್ತ ಇನ್ನೂ ಹಸಿಯಾಗಿದ್ದವು. ಅತ್ತೆ ಸೊಸೆ ಎರಡನ್ನೂ ಚಾಪೆಯ ಮೇಲೆ ನೆರಳಲ್ಲಿ ಹರಡಿ, ಆಗಾಗ ಕೈಯಾಡಿಸಿದರು. ಕಚ್ಚಿದರೆ ಕಟ್ಟೆನ್ನುವಷ್ಟು ಒಣಗಿದ ಮೇಲೆ ಸಮ ತೂಗಿ ಮಿಲ್ಲಿಗೆ ಒಯ್ದರು. ಒಂದರ ಕಾಳು ಇನ್ನೊಂದಕ್ಕೆ ಸೇರದಂತೆ ನಡುವೆ ಯಂತ್ರ ಗುಡಿಸಿದರು. ಬಂದ ಅಕ್ಕಿ ಜರಡಿಯಾಡಿ, ಇಡೀ ಕಾಳು ಬೇರೆ, ನುಚ್ಚು ಬೇರೆ ತೂಗಿದರು. ಹೊಸ ಭತ್ತದಲ್ಲೇ ಇಡೀ ಕಾಳು ಒಂದು ಹಿಡಿ ಜಾಸ್ತಿ! ಎರಡನ್ನೂ ಬೇಯಿಸಿಯೂ ನೋಡಿದರು.

"ಅನ್ನ ವಸಿ ದಪ್ಪ," ಅಂದರು ಶಿವರುದ್ರಮ್ಮ. "ಆದ್ರೆ ರುಚಿಯಾಗದೆ ಕಣವ್ವ."

ಸಂಕ್ರಾಂತಿಯ ದಿನ ಬೀಗರಿಗೆ ಬಡಿಸುತ್ತಾ ಅವರೇ ಹೇಳಿದರು: "ನಿಮ್ಮ ಭತ್ತ ಒಳ್ಳೇದು ಕಣಣ್ಣ. ಕೆಡಿಸಿದ್ದು ನಾನು, ಬೈಸ್ಕೊಂಡಿದ್ದು ನಿಮ್ಮ ಮಗಳು." ಸೊಸೆಯನ್ನು ಪಕ್ಕಕ್ಕೆ ಕೂರಿಸಿ ಅವಳ ಅನ್ನಕ್ಕೂ ತುಪ್ಪ ಹಾಕಿದರು.

ಅಕ್ಕಂದಿರೇ, ಹೊಸ ತಳಿ ಬಂದರೆ ಹಳೆಯದರ ಜೊತೆಗೇ ನೆರಳಲ್ಲಿ ಒಣಗಿಸಿ, ಒಂದೇ ಮಿಲ್ಲಿನಲ್ಲಿ ಅಕ್ಕಿ ಮಾಡಿಸಿ, ನುಚ್ಚು ತೂಗಿ, ಉಂಡು ನೋಡಿ. ಬಿತ್ತುವುದೋ ಬೇಡವೋ ಆಮೇಲೆ ಹೇಳಿ. ಮನೆಗೆ ಹೊಸದಾಗಿ ಬಂದವರಿಗೂ ಬಂದದ್ದಕ್ಕೂ ಅಷ್ಟು ನ್ಯಾಯವಾದರೂ ಸಿಗಲಿ.