ಒಣಗದ ಉಪ್ಪುನೀರು

ಅಕ್ಕ ಬಸ್ಸಿನಡಿ ಸಿಕ್ಕಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳು ಕಲಿಸುತ್ತಿದ್ದ ನಾಲ್ಕನೇ ತರಗತಿಗೇ ತಂಗಿ ಟೀಚರಾಗಿ ಬಂದಳು. ಬಾಗಿಲಲ್ಲಿ ಅಕ್ಕನನ್ನೇ ಹೋಲುವ ಅವಳ ಮುಖ ಕಂಡೊಡನೆ ಮಕ್ಕಳೆಲ್ಲ ಬಾಯಿಗೆ ಬೀಗ ಹಾಕಿಕೊಂಡವು.

ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ತಟ್ಟೆಯಿತ್ತು, ಅದರಲ್ಲಿ ತಿಳಿನೀರು. ಪಕ್ಕದ ಚೀಟಿಯಲ್ಲಿ ಅಕ್ಕನ ದುಂಡು ಅಕ್ಷರ: ‘ಯಾರೂ ಮುಟ್ಟಬೇಡಿ. ನೀರು ಹೋಗಲಿ, ಉಪ್ಪು ಬರುತ್ತೆ.’

ತಂಗಿ ಮುಟ್ಟಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೀರು ಇಳಿದು ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತಿತ್ತು. ಸಂಜೆ ಅವಳೇ ಬೀಗ ಹಾಕಿ, ಕೀಲಿಯನ್ನು ಚೀಲಕ್ಕೆ ಸೇರಿಸಿಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಬಂದು ನೋಡಿದರೆ ತಟ್ಟೆ ಮತ್ತೆ ತುಂಬಿರುತ್ತಿತ್ತು! ಮೊದಲ ದಿನ ತನ್ನ ಕಣ್ಣೇ ಮೋಸ ಮಾಡಿತೆಂದುಕೊಂಡಳು. ಮೂರನೆಯ ದಿನ ಮೈ ಜುಮ್ಮೆಂದಿತು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಬೆನ್ನ ಹಿಂದೆ ಯಾರೋ ನಿಂತು ತಪ್ಪು ಹುಡುಕುತ್ತಿದ್ದಾರೆ ಅನ್ನಿಸತೊಡಗಿತು.

ಅಕ್ಕ ಅರ್ಧಕ್ಕೆ ಬಿಟ್ಟ ಪಾಠವನ್ನು ಮುಗಿಸದೆ ವಿಧಿಯಿರಲಿಲ್ಲ. ಒಂದು ಲೋಟ ನೀರಿಗೆ ಮರಳು, ಇನ್ನೊಂದಕ್ಕೆ ಉಪ್ಪು ಹಾಕಿ ಕದಡಿದಳು. ಬಟ್ಟೆಯಲ್ಲಿ ಸೋಸಿದಾಗ ಮರಳು ಬಟ್ಟೆಯಲ್ಲೇ ಉಳಿಯಿತು. ಉಪ್ಪುನೀರು ಮಾತ್ರ ಹಾಗೇ ಇಳಿದುಹೋಯಿತು.

“ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ, ಇಲ್ಲಿ ನೀರೇ ಉಪ್ಪು ತಿಂತಲ್ಲ ಮಿಸ್!” ಎಂದನೊಬ್ಬ ತುಂಟ. ತರಗತಿ ನಕ್ಕಿತು.

“ತಿಂದಿಲ್ಲ ಕಣೋ, ಕರಗಿದೆ. ಕಾಣಲ್ಲ ಅಷ್ಟೇ, ಒಂದೊಂದು ಹನಿಯಲ್ಲೂ ಇದೆ,” ಎಂದಳು ಅವಳು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗದೆ ತಟ್ಟೆಯನ್ನೇ ನೋಡುತ್ತಿದ್ದಳು.

ಮಾರನೆಯ ದಿನ ತಂಗಿ ಒಂದು ಗಂಟೆ ಮುಂಚೆಯೇ ಬಂದಳು. ಬೀಗ ತೆಗೆದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಕಿಟಕಿಯ ಸರಳುಗಳ ನಡುವಿನಿಂದ ಒಂದು ತೆಳ್ಳನೆಯ ಕೈ ಒಳಬಂದು, ಬಾಟಲಿಯಿಂದ ತಟ್ಟೆಗೆ ನೀರು ಸುರಿಯುತ್ತಿತ್ತು.

ಕಿಟಕಿಯ ಹೊರಗೆ ಇಟ್ಟಿಗೆಯ ಮೇಲೆ ನಿಂತಿದ್ದವಳು ಕೊನೆಯ ಬೆಂಚಿನ ಹುಡುಗಿ.

“ಯಾಕೆ ಪುಟ್ಟಿ ಹೀಗೆ ಮಾಡ್ತಿದೀಯ?”

“ನೀರು ಪೂರ್ತಿ ಹೋದ್ಮೇಲೆ ಉಪ್ಪು ತೋರಿಸಿ ಪಾಠ ಮುಗಿಸ್ತೀನಿ ಅಂದಿದ್ರು ದೊಡ್ಡ ಮಿಸ್. ಪಾಠ ಮುಗೀದಿದ್ರೆ ಅವರು ಬರ್ಲೇಬೇಕಲ್ವಾ?”

ತಂಗಿ ಕಿಟಕಿಯ ಬಳಿ ಬಂದಳು. “ಇನ್ಮೇಲೆ ಹಾಕ್ಬೇಡಮ್ಮ,” ಎಂದಳು ಮೆಲ್ಲಗೆ. ಹುಡುಗಿ ಅಳುತ್ತಲೇ ತಲೆಯಾಡಿಸಿದಳು.

ಎರಡು ದಿನದಲ್ಲಿ ಬಿಳಿ ಗೆರೆ ದಪ್ಪವಾಯಿತು. ಮೂರನೆಯ ಸಂಜೆ ಉಳಿದದ್ದು ನಡುವೆ ಒಂದು ಚಮಚದಷ್ಟು ನೀರು. ಮಕ್ಕಳು ಹೋದ ಮೇಲೆ ಅವಳು ಅದರ ಮುಂದೆ ಬಹಳ ಹೊತ್ತು ನಿಂತಳು. ಅಕ್ಕ ಕೈಯಾರೆ ಸುರಿದ ನೀರು ಎಂದೋ ಆರಿಹೋಗಿತ್ತು. ಉಪ್ಪು ಮಾತ್ರ ಅವಳು ಹಾಕಿದ್ದೇ. ಏನು ಮಾಡುತ್ತಿದ್ದೇನೆಂದು ತಿಳಿಯುವುದರೊಳಗೆ ತಂಗಿಯ ಕೈ ತನ್ನ ಬಾಟಲಿಯನ್ನು ತಟ್ಟೆಗೆ ಬಗ್ಗಿಸಿತ್ತು. ಬಿಳಿ ಗೆರೆ ಕಣ್ಣೆದುರೇ ಕರಗಿತು.

ಬೆಳಿಗ್ಗೆ ಹುಡುಗಿ ತಟ್ಟೆ ನೋಡಿ ಬೆಚ್ಚಿದಳು. “ನಾನಲ್ಲ ಮಿಸ್, ಆಣೆ!”

“ಗೊತ್ತು. ನಾನೇ ಹಾಕಿದ್ದು,” ಎಂದಳು ತಂಗಿ. ಇಡೀ ತರಗತಿಗೆ ಕೇಳುವಂತೆ ಹೇಳಿದಳು. “ನನಗೂ ಅವಳು ಬರ್ಲಿ ಅನ್ಸತ್ತೆ.”

ಆಮೇಲೆ ಯಾರೂ ನೀರು ಹಾಕಲಿಲ್ಲ. ಐದನೆಯ ದಿನ ತಟ್ಟೆಯ ತುಂಬ ಪುಟ್ಟ ಪುಟ್ಟ ಚೌಕದ ಹರಳುಗಳು ಮಿನುಗಿದವು. ಮಕ್ಕಳು ಸುತ್ತ ನೆರೆದು ಉಸಿರು ಬಿಗಿಹಿಡಿದು ನೋಡಿದವು. ಹುಡುಗಿ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ತಂಗಿಯೂ ನೋಡಿದಳು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

“ಕೂತ್ಕೊಳ್ಳಿ, ಪುಸ್ತಕ ತೆಗೀರಿ,” ಎಂದಳು ತಂಗಿ. ಗಂಟಲಿನಿಂದ ಹೊರಟದ್ದು ಥೇಟ್ ಅಕ್ಕನ ದನಿ. ಅವಳೊಬ್ಬಳೇ ಬೆಚ್ಚಿದಳು, ಮಕ್ಕಳು ಸುಮ್ಮನೆ ಪುಸ್ತಕ ತೆಗೆದವು.