ವಾಪಸ್ ಬಂದ ದಾರ

ಅತ್ತಿಗೆ ಸೂಜಿ ಮುಟ್ಟದೆ ಎರಡು ವರ್ಷವಾಗಿತ್ತು. ನನ್ನ ನೀಲಿ ಅಂಗಿಯ ತೋಳು ಹೆಗಲ ಹತ್ತಿರ ಹರಿದು ಪಿನ್ನಿನ ಆಸರೆಯಲ್ಲಿ ನಿಂತಿದ್ದೂ ಹೆಚ್ಚುಕಮ್ಮಿ ಅಷ್ಟೇ ಕಾಲದಿಂದ. ಊರಿನಲ್ಲಿ ಇನ್ನೊಬ್ಬ ದರ್ಜಿ ಇದ್ದಾನೆ, ಕೆಟ್ಟವನೇನಲ್ಲ. ಆದರೆ ಮನೆಯಲ್ಲಿ ಅತ್ತಿಗೆಯನ್ನು ಇಟ್ಟುಕೊಂಡು ಅವನ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೆ ನನಗೆ ಮನಸ್ಸಿರಲಿಲ್ಲ. ನಾನು ಶಾಲೆಯ ವ್ಯಾನು ಓಡಿಸುವವಳು. ಹಿಂದಿನ ಸೀಟಿನ ಮಕ್ಕಳು ನನಗೆ ಪಿನ್ನಕ್ಕ ಎಂದು ಹೆಸರಿಟ್ಟಿದ್ದವು. ಕರೆದುಕೊಳ್ಳಲಿ ಎಂದು ಬಿಟ್ಟೆ. ಹಟದಲ್ಲಿ ನಾನೂ ಯಾರಿಗೂ ಕಮ್ಮಿಯಿಲ್ಲ.

ಸುಸ್ತು ಸುಸ್ತು ಎನ್ನುತ್ತಾಳೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಅತ್ತಿಗೆಗೆ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ಲಿವರನ್ನು ಸದ್ದಿಲ್ಲದೆ ತಿನ್ನುವ ವೈರಸ್ಸು, ರಕ್ತದಿಂದ ರಕ್ತಕ್ಕೆ ಹೋಗುತ್ತದೆ ಎಂದರು ಆರೋಗ್ಯ ಕೇಂದ್ರದ ನರ್ಸಮ್ಮ. ಬಹಳ ಹಿಂದೆ ಒಂದೇ ಸೂಜಿಯಲ್ಲಿ ಬೀದಿಗೆಲ್ಲ ಇಂಜೆಕ್ಷನ್ ಚುಚ್ಚಿಕೊಂಡು ಓಡಾಡುತ್ತಿದ್ದ ಪುಣ್ಯಾತ್ಮನೊಬ್ಬನಿದ್ದ. ಅವನ ಕೊಡುಗೆಯೇ ಇರಬೇಕು. ಲೋಟ ತಟ್ಟೆಯಿಂದ ಬರುವುದಿಲ್ಲ, ಪಕ್ಕದಲ್ಲಿ ಕೂತರೆ ಬರುವುದಿಲ್ಲ, ನೀವು ಹೊಲಿದ ಬಟ್ಟೆಯಿಂದಲೂ ಬರುವುದಿಲ್ಲ ಎಂದು ನರ್ಸಮ್ಮ ಸಾರಿ ಸಾರಿ ಹೇಳಿದರು. ಅತ್ತಿಗೆಯ ಕಿವಿಗೆ ಬಿದ್ದದ್ದು ಸೂಜಿ ಎನ್ನುವ ಮಾತು ಮಾತ್ರ. ಅವತ್ತೇ ಹೊಲಿಗೆ ಮೆಷಿನ್ನಿಗೆ ಬೆಡ್‌ಶೀಟು ಹೊದಿಸಿದಳು. ಸೂಜಿಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

ಚಿಕ್ಕವಳಿದ್ದಾಗ ನನಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳು. ಈಗ ಮೇಜಿನ ಆಚೆ ನಿಂತೇ ಮಾತಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವೈರಸ್ಸಿನ ಮೇಲೋ ಅವಳ ಮೇಲೋ ಎಂದು ಕೇಳಿದರೆ ಹೇಳಲಾರೆ.

ತಜ್ಞ ಡಾಕ್ಟರು ಇರುವ ನಗರ ಒಂದು ಹಗಲಿನ ದಾರಿ. ಮಾತ್ರೆಯ ಬೆಲೆ ಕೇಳಿ ಅಣ್ಣ ಎರಡು ದಿನ ಊಟ ಬಿಟ್ಟಿದ್ದ. ಹಾಗಾಗಿ, ಆರೋಗ್ಯ ಕೇಂದ್ರದ ಮೂಲೆಯ ಕೋಣೆಯಲ್ಲಿ ಸರ್ಕಾರ ಟಿವಿಯಂಥ ಒಂದು ಪರದೆ ಹಾಕಿಸಿದೆ, ನಗರದ ಡಾಕ್ಟರು ಅದರಲ್ಲೇ ನೋಡುತ್ತಾರೆ, ಮಾತ್ರೆಯೂ ಸರ್ಕಾರದ್ದೇ ಎಂದು ನರ್ಸಮ್ಮ ಹೇಳಿಕಳಿಸಿದಾಗ ನಾನು ಅತ್ತಿಗೆಯನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ವ್ಯಾನಿಗೆ ಹಾಕಿದೆ.

ಕೋಣೆ ತಂಪಾಗಿತ್ತು. ಕಿಟಕಿಗೆ ಹಸಿರು ಬಟ್ಟೆ ಕಟ್ಟಿದ್ದರಿಂದ ನೀರಿನ ತಳದಲ್ಲಿ ಕೂತ ಹಾಗಿತ್ತು. ಪರದೆ ಬೆಳಗಿತು. ಬಿಳಿ ಕೋಟಿನ ಹೆಂಗಸೊಬ್ಬಳು ಕಾಣಿಸಿಕೊಂಡಳು. ಅವಳ ಹಿಂದಿನ ಕಿಟಕಿಯಲ್ಲಿ ಮಳೆ. ನಮ್ಮಲ್ಲಿ ರಣಬಿಸಿಲು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾಕಮ್ಮ, ಬಾಯಿ ಮುಚ್ಕೊಂಡ್ರಿ?"

"ನಿಮಗೆ ತಗುಲೀತು ಅಂತ."

ಡಾಕ್ಟರು ನಗಲಿಲ್ಲ. ಅದಕ್ಕೇ ನನಗೆ ಅವರು ಹಿಡಿಸಿದ್ದು. ಮೂರು ತಿಂಗಳು ದಿನವೂ ಮಾತ್ರೆ, ಮುಗಿದ ಮೇಲೆ ಇನ್ನೊಂದು ಮೂರು ತಿಂಗಳು ಬಿಟ್ಟು ಪರೀಕ್ಷೆ, ಬಹುಪಾಲು ಜನಕ್ಕೆ ಪೂರ್ತಿ ಹೋಗಿಬಿಡುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಅತ್ತಿಗೆ ಎಲ್ಲ ಕೇಳಿ, "ಪುಕ್ಕಟೆ ಔಷಧಿ ನಂಗೆ ಬೇಡ. ದುಡಿದು ತಿಂದೋಳು ನಾನು" ಎಂದಳು. ನಾನು ಹಲ್ಲು ಕಚ್ಚಿಕೊಂಡೆ.

"ಪುಕ್ಕಟೆ ಅಂತ ಯಾರು ಹೇಳಿದ್ದು? ಏನು ಕೆಲಸ ಮಾಡ್ತಿದ್ರಿ?"

"ಹೊಲಿಗೆ."

"ಹಾಗಾದ್ರೆ ನೀವು ಕೊಂಡ ಒಂದೊಂದು ದಾರದುಂಡೆ ಮೇಲೂ ಸರ್ಕಾರಕ್ಕೆ ಒಂದಿಷ್ಟು ತೆರಿಗೆ ಹೋಗಿದೆ. ಹಾಗೆ ಎಲ್ಲರದ್ದೂ ಸೇರಿದ ದುಡ್ಡಿದು. ಈಗ ವಾಪಸ್ ಬರ್ತಿದೆ, ಅಷ್ಟೇ."

ಅತ್ತಿಗೆ ನರ್ಸಮ್ಮನ ಕೈಯಿಂದ ಮಾತ್ರೆ ಇಸಿದುಕೊಂಡಳು. ಏಳುವಾಗ, "ನಿಮ್ಮ ಕೋಟಿನ ಎರಡನೇ ಗುಂಡಿ ಸಡಿಲ ಆಗಿದೆ, ಬಿದ್ದೋಗುತ್ತೆ" ಎಂದು ಹೇಳಿ ಬಂದಳು.

ಮಾತ್ರೆಯ ತಿಂಗಳುಗಳು ಮಂಪರಿನಲ್ಲೇ ಕಳೆದವು. ಮಧ್ಯಾಹ್ನದ ಟ್ರಿಪ್ಪಿಗೆ ಮುಂಚೆ ಬಂದು ನೋಡಿದರೆ ಅತ್ತಿಗೆ ಜಗಲಿಯ ಮೇಲೆ ಮಲಗಿರುತ್ತಿದ್ದಳು. ಬಿಸಿಲು ಅವಳ ಕಾಲಿನಿಂದ ಸೊಂಟಕ್ಕೆ ಹತ್ತುತ್ತಿತ್ತು. ನಿದ್ದೆಯಲ್ಲಿ ಅವಳ ಕೈ ಆಡುತ್ತಿತ್ತು: ಹೆಬ್ಬೆರಳು ತೋರುಬೆರಳು ಜೋಡಿಸಿ, ಮೇಲಕ್ಕೆ, ಕೆಳಕ್ಕೆ. ಗಾಳಿಗೆ ಹೊಲಿಗೆ ಹಾಕುತ್ತಿದ್ದಳು.

ಒಮ್ಮೆ ಕಣ್ಣು ಬಿಟ್ಟು, ನಾನು ಅಲ್ಲೇ ಇದ್ದೇನೆಂದು ಮೊದಲೇ ಗೊತ್ತಿದ್ದವಳ ಹಾಗೆ ಹೇಳಿದಳು: "ದಾರ ಎಲ್ಲ ವಾಪಸ್ ಬರ್ತಿತ್ತು ಕಣೆ. ಯೂನಿಫಾರ್ಮಿನ ನೀಲಿ, ನಿನ್ನ ಲಂಗದ ಕೆಂಪು, ಎಲ್ಲ. ಗುಡ್ಡದ ಮೇಲಿಂದ ತೇಲ್ಕೊಂಡು. ಒಂದೊಂದರ ತುದೀಲೂ ಒಂದೊಂದು ಮಾತ್ರೆ, ಮಣಿ ಪೋಣಿಸಿದ ಹಾಗೆ. ನಾನು ಬಾಯಿ ತೆಗೆದು ನಿಂತಿದ್ದೆ."

"ಆಮೇಲೆ?"

"ಆಮೇಲೆ ಡಾಕ್ಟರಮ್ಮನ ಕಿಟಕಿ ನಮ್ಮ ಗೋಡೇಲಿತ್ತು. ಮಳೆ ಒಳಗೆ ಬರ್ತಿತ್ತು. ಕೈ ಚಾಚಿದ್ರೆ ಆ ಗುಂಡಿ ಸಿಗ್ತಿತ್ತು. ಸೂಜಿ ಇರಲಿಲ್ಲ."

"ಅಟ್ಟದಲ್ಲಿದೆ" ಎಂದೆ ನಾನು. ಅವಳು ಆಚೆ ಮಗ್ಗುಲಾದಳು.

ಪ್ರತಿ ತಿಂಗಳೂ ಪರದೆಯ ಮುಂದೆ ಅದೇ ಗುಂಡಿಯ ಮಾತು. ಇನ್ನೂ ಹಾಕಿಸಿಲ್ವಾ ಎಂದು ಇವಳು, ಮರೆತೆನಮ್ಮ ಎಂದು ಅವರು. ಲಿವರಿನ ವಿಚಾರಕ್ಕಿಂತ ಗುಂಡಿಯದೇ ದೊಡ್ಡದಾಯಿತು. ಮಾತ್ರೆ ಮುಗಿಯಿತು. ಕಾಯುವ ಮೂರು ತಿಂಗಳು ಮಾತ್ರ ಕನಸಿನಲ್ಲಿ ಓಡಿದ ಹಾಗೆ, ಎಷ್ಟು ಓಡಿದರೂ ಇದ್ದಲ್ಲೇ ಇದ್ದೆವು. ವೈರಸ್ಸು ಹೋಗಿಲ್ಲ ಎಂದುಬಿಟ್ಟರೆ ಇವಳು ಇನ್ನೆಂದೂ ಮೇಜಿನ ಈಚೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ವ್ಯಾನು ಓಡಿಸುವಾಗ ಅದೇ ಯೋಚನೆ.

ಫಲಿತಾಂಶದ ದಿನ ಡಾಕ್ಟರು ಬಂದರು, "ನೋಡಿಮ್ಮಾ" ಎಂದರು, ಪರದೆ ಅಲ್ಲೇ ಕಲ್ಲಾಯಿತು. ಬಾಯಿ ಅರ್ಧ ತೆರೆದಿದೆ, ಹಿಂದಿನ ಕಿಟಕಿಯಲ್ಲಿ ಹಕ್ಕಿಯೊಂದು ಹಾರುವುದನ್ನು ಮರೆತು ನಿಂತಿದೆ. ನರ್ಸಮ್ಮ ತಂತಿ ಅಲ್ಲಾಡಿಸಿದರು. ನಾನು ಮೊಬೈಲ್ ಟವರಿನ ವಂಶವನ್ನೆಲ್ಲ ಬೈದೆ. ಅತ್ತಿಗೆ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಗುಂಡಿ ಹಾಕಿದ್ದಾರೆ" ಎಂದಳು. "ಬಿಳಿ ಕೋಟಿಗೆ ಕಪ್ಪು ದಾರ."

ಹಕ್ಕಿ ಹಾರಿತು. "ಕೇಳಿಸ್ತಾ? ಇಲ್ಲ ಅಂದೆ. ರಕ್ತದಲ್ಲಿ ವೈರಸ್ ಇಲ್ಲ. ಪೂರ್ತಿ ಹೋಗಿದೆ."

ಅತ್ತಿಗೆ ಪರದೆಯ ಮೇಲಿನ ಗುಂಡಿಗೆ ಬೆರಳಿಟ್ಟು, "ಅದು ಯಾರು ಹೊಲಿದಿದ್ದು?" ಎಂದಳು.

"ನಾನೇ" ಎಂದರು ಡಾಕ್ಟರು.

"ಹಾಗನ್ನಿಸ್ತು."

ಪರದೆಯ ಆಚೆಗೂ ಈಚೆಗೂ ಎಲ್ಲರೂ ನಕ್ಕರು. ಅತ್ತಿಗೆ ಮನೆಗೆ ಬಂದವಳೇ ಏಣಿ ಹಾಕಿ ಅಟ್ಟ ಹತ್ತಿದಳು. ಡಬ್ಬಿ ತೆಗೆದು, ಬಾಗಿಲ ಬೆಳಕಿಗೆ ಸೂಜಿ ಹಿಡಿದು, ನೀಲಿ ದಾರ ಪೋಣಿಸಿದಳು. ಮೇಜನ್ನು ಬಳಸಿಕೊಂಡು ನನ್ನ ಕಡೆಗೆ ಬಂದಳು.

"ಅಂಗಿ ಬಿಚ್ಚಿ ಕೊಡ್ತೀನಿ ತಾಳು" ಎಂದೆ.

"ಬೇಡ. ಹಾಗೇ ಕೂತ್ಕೋ. ಅಲ್ಲಾಡಬೇಡ."

ಪಿನ್ನು ತೆಗೆದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಸೂಜಿ ಬಟ್ಟೆಯೊಳಗೆ ಹೋಗಿ ಬರುತ್ತಿತ್ತು, ಜಗಲಿಯ ನಿದ್ದೆಯಲ್ಲಿ ಕಂಡಿದ್ದ ಅದೇ ಲಯದಲ್ಲಿ. ಅಳಬಾರದು ಎಂದುಕೊಂಡಿದ್ದೆ, ಹೆಗಲು ಕುಲುಕಿಬಿಟ್ಟಿತು. ಸೂಜಿ ಚುರುಕ್ಕೆಂದು ಚುಚ್ಚಿತು.

ಈಗ ಡಬ್ಬಿ ಮತ್ತೆ ಅಟ್ಟಕ್ಕೆ ಹೋಗುತ್ತದೆ ಎಂದುಕೊಂಡೆ.

ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು.

"ಅಲ್ಲಾಡಬೇಡ ಅಂದೆನೋ ಇಲ್ವೋ" ಎಂದು ಮುಂದಿನ ಹೊಲಿಗೆ ಹಾಕಿದಳು.